ಬುಡ ಮಗುಚಿ ನೋಡುವ ವಿಠಲ ಮಯ್ಯರು

ಬೆಳಗಿನ ಆರೂವರೆ. ಕೊಚ್ಚಿಯ ಹತ್ತಿರದ ಅಂಬಲಮುಗಳಿನ ಪೆಟ್ರೋಲಿಯಂ ಎಣ್ಣೆ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಉರಿಯುವ ಬೆಂಕಿ ಜನವರಿಯ ಮಂಜಿನಲ್ಲಿ ಮಸುಕಾಗಿ ಕಾಣುತ್ತಿದೆ. ಅದರ ಎದುರಿನ ಗುಡ್ಡದ ಮೇಲೆ, ಹೆಂಚಿನ ಮಾಡಿನ ಪುಟ್ಟ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಐವತ್ತನಾಲ್ಕು ವರ್ಷದ ವಿಠಲ ಮಯ್ಯರು ಹೆಗಲ ಮೇಲಿನ ಬೈರಾಸನ್ನು ತೆಗೆದು ಮೇಜಿನ ಮೇಲೆ ಹಾಸುತ್ತಾರೆ. ಮೈಕ್ರೋಸ್ಕೋಪೊಂದನ್ನು ಎರಡೂ ಕೈಯಲ್ಲಿ ಎತ್ತಿ, ಎಳೆಮಗುವನ್ನು ಎಣ್ಣೆ ಹಚ್ಚಲು ಮಲಗಿಸುವ ಹಾಗೆ ಮೆಲ್ಲಗೆ ಮಗುಚಿ ಮಲಗಿಸುತ್ತಾರೆ. ಬುಡಕ್ಕೆ ಅಂಟಿಸಿದ ಹಸಿರು ಉಣ್ಣೆಬಟ್ಟೆಯ ಒಂದು ಮೂಲೆಯನ್ನು ಬ್ಲೇಡಿನಿಂದ ಎಬ್ಬಿಸಿ, ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡುತ್ತಾರೆ.

“ಎರಡು, ಸೊನ್ನೆ, ಏಳು, ಮೂರು, ಒಂದು” ಎಂದು ಮೊದಲು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹದಿನೆಂಟು ವರ್ಷ ಮಲಯಾಳದಲ್ಲಿ ಬದುಕಿದರೂ ಮಯ್ಯರ ಎಣಿಕೆ ಮಾತ್ರ ಇನ್ನೂ ಕನ್ನಡದಲ್ಲೇ. ಆಮೇಲೆ ಅದನ್ನು ಮಲಯಾಳಕ್ಕೆ ತಿರುಗಿಸಿ ಪಕ್ಕದಲ್ಲಿ ನಿಂತವರಿಗೆ ಹೇಳುತ್ತಾರೆ. ಪಕ್ಕದಲ್ಲಿ ನಿಂತವಳು ನಿರ್ಮಲ. ಈ ಲ್ಯಾಬಿನ ಡೆಮಾನ್‌ಸ್ಟ್ರೇಟರ್, ಇಪ್ಪತ್ತಮೂರು ವರ್ಷ. ಬೆಳಗ್ಗೆ ಆರಕ್ಕೇ ಬಂದು ಬೀಗ ತೆಗೆದುಕೊಟ್ಟವಳೂ ಅವಳೇ. ಅವಳು ನಂಬರನ್ನು ಹಾಳೆಯಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಮಯ್ಯರು ತಲೆಯಾಡಿಸಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತಾಳೆ.

ಮಯ್ಯರು ತಿರುವನಂತಪುರದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತರು. ಕಾಲೇಜೊಂದು ಪದವಿ ತರಗತಿ ನಡೆಸಬೇಕಾದರೆ ವಿಶ್ವವಿದ್ಯಾಲಯದ ಮಾನ್ಯತೆ ಬೇಕು. ಹೊಸ ಕಾಲೇಜಾದರೆ ಆ ಮಾನ್ಯತೆ ವರ್ಷ ವರ್ಷಕ್ಕೂ ಮುಂದುವರಿಯಬೇಕು. ಅದಕ್ಕೆಂದು ಮೂವರು ಪ್ರೊಫೆಸರರ ತಪಾಸಣಾ ಕಮಿಷನ್ ಕಾರಿನಲ್ಲಿ ಬಂದು ಲ್ಯಾಬು, ಲೈಬ್ರರಿ, ಪಾಠದ ಕೋಣೆಗಳನ್ನು ನೋಡಿ ವರದಿ ಕೊಡುತ್ತದೆ. ಅವರು ಬರುವುದು ಹತ್ತು ಗಂಟೆಗೆ. ಅಷ್ಟರೊಳಗೆ ಬಸ್ಸಿನಲ್ಲಿ ಬಂದು, ಇರುವುದನ್ನೆಲ್ಲ ಎಣಿಸಿ ಹಾಳೆ ತಯಾರು ಮಾಡಿಡುವುದು ಮಯ್ಯರ ಕೆಲಸ.

“ಅವ್ರಿಗೆ ಹಾರ, ಎಳನೀರು, ಭಾಷಣ ಎಲ್ಲ ಉಂಟು” ಎಂದು ಮಯ್ಯರು ನಗುತ್ತಾರೆ. “ನನಗೆ ಅದೆಂತದೂ ಬೇಡ. ಲ್ಯಾಬಿನ ಬೀಗದ ಕೈ ಕೊಟ್ರೆ ಸಾಕು. ಹಾಲಿಲ್ಲದ ಒಂದು ಕಟ್ಟನ್ ಚಾಯ ಕೊಟ್ರೆ ಸಂತೋಷ, ಕೊಡದಿದ್ರೂ ಬೇಜಾರಿಲ್ಲ.”

ಹದಿನೆಂಟು ವರ್ಷದಲ್ಲಿ ಅವರು ನೂರಿಪ್ಪತ್ತೇಳು ಕಾಲೇಜು ನೋಡಿದ್ದಾರೆ. ಕೆಲವನ್ನು ನಾಲ್ಕು ಸಲ, ಐದು ಸಲ. ಎಣಿಸಿದ ಮೈಕ್ರೋಸ್ಕೋಪುಗಳು ಮೂರು ಸಾವಿರದ ಎಂಟುನೂರ ಚಿಲ್ಲರೆ. ತುಂಬಿದ ಡೈರಿಗಳು ಹದಿಮೂರು. ಬೆಂಚು, ಕುರ್ಚಿ, ತ್ರಾಸು, ಗಾಜಿನ ಜಾಡಿಯೊಳಗಿನ ಹಾವು, ಕಪ್ಪೆ ಇವುಗಳ ಲೆಕ್ಕ ಕೇಳಿದರೆ ಮಯ್ಯರು ಕೈಮುಗಿಯುತ್ತಾರೆ. ವರದಿಯ ಕೊನೆಯಲ್ಲಿ ಮೂವರು ಪ್ರೊಫೆಸರರ ರುಜು ಇರುತ್ತದೆ. ಅದರ ಹಿಂದೆ ಪಿನ್ ಹಾಕಿದ ಎಣಿಕೆಯ ಹಾಳೆಯ ಮೂಲೆಯಲ್ಲಿ ‘ವಿ. ಮ.’ ಎಂಬ ಎರಡಕ್ಷರ ಎಷ್ಟೋ ವರ್ಷ ಇತ್ತು. ಆ ಎರಡಕ್ಷರ ಯಾರೆಂದು ಯಾರೂ ಕೇಳಿದವರಿಲ್ಲ. ಕೇಳುವ ಹಾಗೆ ಒಮ್ಮೆ ಆಯಿತು. ಮಯ್ಯರ ಒಂದು ತಪ್ಪಿನಿಂದ ಇದೇ ಕಾಲೇಜಿನ ನಲವತ್ತನಾಲ್ಕು ಮಕ್ಕಳ ಒಂದು ವರ್ಷ ನೀರುಪಾಲಾಗುವುದರಲ್ಲಿತ್ತು.

ಮಯ್ಯರ ಊರು ಕುಂಬಳೆ. ಎಸ್ಸೆಸ್ಸೆಲ್ಸಿ ಮುಗಿಸಿ ಬೋರ್ಡು ಶಾಲೆಯ ಆಫೀಸಿನಲ್ಲಿ ಗುಮಾಸ್ತಿಕೆಗೆ ಸೇರಿದ್ದರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ರಾಜ್ಯಗಳ ಗಡಿ ಬದಲಾಯಿತು ನೋಡಿ, ಕುಂಬಳೆಯವರು ಮದರಾಸು ರಾಜ್ಯದಲ್ಲಿ ಮಲಗಿ ಕೇರಳದಲ್ಲಿ ಎದ್ದರು. ಮರುವರ್ಷ ಮಯ್ಯರಿಗೆ ತಿರುವನಂತಪುರದಲ್ಲಿ ಕೆಲಸ ಸಿಕ್ಕಿತು. ಆದರೆ ಮಲಯಾಳದ ಒಂದಕ್ಷರ ಓದಲು ಬಾರದು! ಮೂವತ್ತಾರು ವರ್ಷದ ಗಂಡಸು ಮಗಳ ಒಂದನೇ ತರಗತಿಯ ಪುಸ್ತಕ ಹಿಡಿದು ಅಕ್ಷರ ತಿದ್ದಿದರು. ಮಗಳು ಪಾಸಾಗಿ ಎರಡನೇ ತರಗತಿಗೆ ಹೋದಳು, ಅಪ್ಪನೂ ಜೊತೆಗೆ ಹೋದರು. ಈಗ ಅದೇ ಮಗಳಿಗೆ ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಮಲಯಾಳದಲ್ಲಿ ಬರುತ್ತದೆ. “ಕಲಿಸಿದ ಗುರುವಿಗೆ ಗುರುದಕ್ಷಿಣೆ ಅದು” ಎಂದು ಹೆಂಡತಿ ಕುಸುಮಾವತಿ ತಮಾಷೆ ಮಾಡುತ್ತಾರೆ.

ಮೊದಲ ಹತ್ತು ವರ್ಷ ಮಯ್ಯರ ಎಣಿಕೆಯೆಂದರೆ ಬರಿಯ ಎಣಿಕೆ. ಮೈಕ್ರೋಸ್ಕೋಪು ಎಂಟು, ಸುಸ್ಥಿತಿಯಲ್ಲಿವೆ. ಕುರ್ಚಿ ನಲವತ್ತು, ಸುಸ್ಥಿತಿಯಲ್ಲಿವೆ. ಹೀಗೆ ಬರೆದು ವಿ. ಮ. ಎಂದು ಗೀಚಿದರೆ ಮುಗಿಯಿತು. ಅರವತ್ತಾರರಲ್ಲಿ ಅವರನ್ನು ಕೊಚ್ಚಿಯ ಕಡೆಯ ಒಂದು ಪರೀಕ್ಷಾ ಕೇಂದ್ರಕ್ಕೆ ಪ್ರಶ್ನೆಪತ್ರಿಕೆಯ ಕಟ್ಟಿನೊಂದಿಗೆ ಕಳಿಸಿದರು. ಅಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಹುಡುಗಿಯೊಬ್ಬಳು ಮೈಕ್ರೋಸ್ಕೋಪಿನ ಮುಂದೆ ಸುಮ್ಮನೆ ಕೂತಿದ್ದಳು, ಕಣ್ಣಲ್ಲಿ ನೀರು. ಕೆಳಗಿನ ಕನ್ನಡಿಯನ್ನು ಬೆಳಕಿನ ಕಡೆ ತಿರುಗಿಸಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ.

“ಸಾರ್, ಇದರೊಳಗೆ ಬರೀ ಕತ್ತಲೆ” ಎಂದಳು. ಕಾಲೇಜಿನಲ್ಲಿ ಕಲಿಸಲಿಲ್ಲವೇ ಎಂದು ಮಯ್ಯರು ಮೆಲ್ಲಗೆ ಕೇಳಿದರು. “ನಮ್ಮ ಕಾಲೇಜಿಗೆ ಇದು ಬಂದದ್ದು ಒಂದೇ ದಿನ ಸಾರ್. ಕಮಿಷನ್ ಬಂದಿತ್ತಲ್ಲ, ಆ ದಿನ.”

ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೆರಡು ಮಂದಿ ಫೇಲಾದರು. ತಿರುವನಂತಪುರಕ್ಕೆ ಮರಳಿದ ಮಯ್ಯರು ಹಳೆಯ ಫೈಲು ಹುಡುಕಿ ತೆಗೆದರು. ಆ ಕಾಲೇಜಿನ ಎಣಿಕೆಯ ಹಾಳೆಯಲ್ಲಿ ಅವರದೇ ದುಂಡು ಅಕ್ಷರ: ಮೈಕ್ರೋಸ್ಕೋಪು ಎಂಟು, ಸುಸ್ಥಿತಿಯಲ್ಲಿವೆ. ಅವು ಯಾರದೋ ಕಾಲೇಜಿನಿಂದ ಒಂದು ದಿನದ ಮಟ್ಟಿಗೆ ಎರವಲು ಬಂದವು. ಯಾರದೆಂದು ಕೇಳುವ ಬುದ್ಧಿ ಮಯ್ಯರಿಗೆ ಆ ದಿನ ಬಂದಿರಲಿಲ್ಲ. “ಆ ಹುಡುಗಿಯ ಮುಖ ಉಂಟಲ್ಲ, ಅದು ಈಗ್ಲೂ ನನ್ನನ್ನು ಬಿಡುದಿಲ್ಲ” ಎನ್ನುತ್ತಾರೆ.

ಅಂದಿನಿಂದ ಮಯ್ಯರು ಎಣಿಸುವುದರ ಜೊತೆಗೆ ಪ್ರತಿ ಮೈಕ್ರೋಸ್ಕೋಪಿನ ಕೈಯ ಮೇಲೆ, ಅಂದರೆ ಹಿಡಿದೆತ್ತುವ ಬಾಗಿದ ಕಂಬದ ಮೇಲೆ, ಕೆತ್ತಿದ ನಂಬರನ್ನು ಡೈರಿಯಲ್ಲಿ ಬರೆದುಕೊಳ್ಳತೊಡಗಿದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಅರವತ್ತೆಂಟರಲ್ಲಿ ಮೊದಲ ಕಳ್ಳತನ ಸಿಕ್ಕಿತು. ಸೋಮವಾರ ಒಂದು ಕಾಲೇಜಿನಲ್ಲಿ ಕಂಡ ನಾಲ್ಕು ಮೈಕ್ರೋಸ್ಕೋಪು ಬುಧವಾರ ನಲವತ್ತು ಮೈಲಿಯಾಚೆ ಇನ್ನೊಂದರಲ್ಲಿ ಹಲ್ಲು ಕಿರಿಯುತ್ತಿದ್ದವು. ಎಪ್ಪತ್ತರಲ್ಲಿ ಇನ್ನೊಂದು ಸಿಕ್ಕಿತು. ಅವು ಟ್ಯಾಕ್ಸಿಯಲ್ಲಿ ಮಯ್ಯರಿಗಿಂತ ಮುಂಚೆ ಬಂದಿದ್ದವು, ಮಯ್ಯರು ಪಾಪ ಬಸ್ಸಿನಲ್ಲಿ. ‘ಮಯ್ಯರ ಡೈರಿ’ ಎಂದರೆ ಪ್ರಿನ್ಸಿಪಾಲರು ನೆಟ್ಟಗೆ ಕೂರುವ ಕಾಲ ಬಂತು. “ಸ್ವಲ್ಪ ನೆತ್ತಿಗೂ ಏರಿತ್ತು ಅದು. ಸುಳ್ಳು ಯಾಕೆ ಹೇಳ್ಬೇಕು” ಎಂದು ಅವರೇ ಒಪ್ಪುತ್ತಾರೆ.

ಎಪ್ಪತ್ತಮೂರರ ಫೆಬ್ರವರಿ. ಮಂಗಳವಾರ ಆಲುವಾದ ಒಂದು ಕಾಲೇಜಿನಲ್ಲಿ ಮಯ್ಯರು ಹತ್ತು ಹೊಸ ಮೈಕ್ರೋಸ್ಕೋಪುಗಳ ನಂಬರು ಬರೆದುಕೊಂಡರು: ಐನೂರ ಒಂದರಿಂದ ಐನೂರ ಹತ್ತು. ಗುರುವಾರ ಅಂಬಲಮುಗಳಿನ ಈ ಕಾಲೇಜು. ಹೊಸ ಮೈಕ್ರೋಸ್ಕೋಪು ಹತ್ತು. ನಂಬರು ನೋಡುತ್ತಾರೆ, ಐನೂರ ಒಂದು! ಎರಡನೆಯದು ಐನೂರ ಎರಡು. ಹತ್ತಕ್ಕೆ ಹತ್ತೂ ಅವೇ. ಇಷ್ಟು ನಿರ್ಭಿಡೆಯ ಕಳ್ಳತನವನ್ನು ಮಯ್ಯರು ಕಂಡದ್ದೇ ಇಲ್ಲ. ಲ್ಯಾಬಿನ ಜವಾಬ್ದಾರಿ ಹೊತ್ತ ದಾಕ್ಷಾಯಣಿ ಟೀಚರ್ ಬಾಗಿಲಲ್ಲಿ ನಿಂತು, “ಎಲ್ಲ ಸರಿ ಇದೆಯಲ್ಲ ಸಾರ್?” ಎಂದು ಕೇಳಿದರು. ಮಯ್ಯರು ಡೈರಿ ಮುಚ್ಚುತ್ತ, “ನಂಬರೇ ಹೇಳುತ್ತದೆ ಟೀಚರ್” ಎಂದು ಗತ್ತಿನಿಂದ ಹೊರಟುಬಂದರು. ತನಗೆ ಏನು ಅನುಮಾನ ಬಂದಿದೆಯೆಂದು ಬಾಯಿ ಬಿಡಲಿಲ್ಲ. ಎಣಿಕೆಯ ಹಾಳೆಯನ್ನು ಕಾಲೇಜಿನವರಿಗೆ ತೋರಿಸುವ ಪದ್ಧತಿಯೂ ಆಗ ಇರಲಿಲ್ಲ.

ಮಯ್ಯರ ಹಾಳೆಯನ್ನು ನಂಬಿ ಕಮಿಷನ್ ಬರೆಯಿತು: ಉಪಕರಣಗಳು ಎರವಲು ತಂದವೆಂದು ಬಲವಾದ ಸಂಶಯ. ಮಾನ್ಯತೆ ಮುಂದುವರಿಸುವುದು ಬೇಡ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯಲ್ಲಿ ತೀರ್ಮಾನವಾಗುವವರೆಗೆ ಕೊನೆಯ ವರ್ಷದ ನಲವತ್ತನಾಲ್ಕು ಮಕ್ಕಳ ಹಾಲ್ ಟಿಕೆಟ್ ತಡೆಹಿಡಿದರು. ಪರೀಕ್ಷೆಗೆ ಉಳಿದದ್ದು ಐದು ವಾರ. ಆ ಕಾಲೇಜಿನಿಂದ ಪದವಿ ಪರೀಕ್ಷೆಗೆ ಕೂರುವ ಮೊದಲ ತಂಡ ಅದು. ಕಳ್ಳು ಇಳಿಸುವವರ, ಗುತ್ತಿಗೆ ಕೂಲಿಗಳ, ವೈಟ್ಟಿಲದ ಕಡೆಯ ದೋಣಿಯವರ ಮಕ್ಕಳು. ಒಂದು ವರ್ಷ ಕೂತು ಮತ್ತೆ ಬರೆಯುತ್ತೇವೆ ಎನ್ನುವ ಮನೆಗಳಲ್ಲ ಅವು, ಅದರಲ್ಲೂ ಹೆಣ್ಣುಮಕ್ಕಳಿಗೆ. ಕಾಲೇಜಿನವರು ಗಾಬರಿಯಿಂದ ಖರೀದಿಯ ಬಿಲ್ಲು ಕಳಿಸಿದರು. ಬಿಲ್ಲಿನಲ್ಲಿ ‘ಮೈಕ್ರೋಸ್ಕೋಪು ಹತ್ತು’ ಎಂದಷ್ಟೇ ಇತ್ತು, ನಂಬರೇ ಇರಲಿಲ್ಲ. ಬಿಲ್ಲು ಯಾರು ಬೇಕಾದರೂ ಬರೆಸಬಹುದು ಎಂದು ಕಚೇರಿಯವರು ಅದನ್ನು ಫೈಲಿಗೆ ಸೇರಿಸಿ ಸುಮ್ಮನಾದರು. ಬುಧವಾರ ಹನ್ನೊಂದು ಗಂಟೆಗೆ ಸಿಂಡಿಕೇಟ್.

ಅದರ ಹಿಂದಿನ ಭಾನುವಾರ ತಿರುವನಂತಪುರದ ಪೆಟ್ಟದಲ್ಲಿದ್ದ ಮಯ್ಯರ ಬಾಡಿಗೆ ಮನೆಗೆ ಸ್ನೇಹಿತ ಶ್ರೀಕಂಠ ಊಟಕ್ಕೆ ಬಂದಿದ್ದರು. ಮೈಸೂರಿನವರು, ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದ ಸ್ಟೋರಿನಲ್ಲಿ ಉಪಕರಣಗಳ ಉಸ್ತುವಾರಿ. ಹೆಂಡತಿ ತವರಿಗೆ ಹೋದಾಗಲೆಲ್ಲ ಅವರ ಭಾನುವಾರದ ಊಟ ಮಯ್ಯರ ಮನೆಯಲ್ಲೇ. ಸಾರನ್ನಕ್ಕೆ ಕೈಯಿಡುತ್ತ ಶ್ರೀಕಂಠ ಶುರುಮಾಡಿದರು.

“ಒಂದು ತಮಾಷೆ ಕೇಳಿ ಮಯ್ಯರೇ. ಹೋದ ತಿಂಗಳು ನಮ್ಮ ಸ್ಟೋರಿಗೆ ಎರಡು ಪೆಟ್ಟಿಗೆ ಮೈಕ್ರೋಸ್ಕೋಪು ಬಂತು. ನಮ್ಮ ಗುಮಾಸ್ತ ಐನೂರ ಒಂದರಿಂದ ಐನೂರ ಹತ್ತು ಅಂತ ಎರಡು ಸಲ ಬರೆದಿದ್ದಾನೆ. ಏನಯ್ಯಾ, ಒಂದೇ ಪೆಟ್ಟಿಗೇನ ಎರಡು ಸಲ ಎಣಿಸಿದ್ದೀಯಾ ಅಂತ ಚೆನ್ನಾಗಿ ಬೈದೆ. ಹೋಗಿ ನೋಡ್ತೀನಿ, ಎರಡು ಪೆಟ್ಟಿಗೇಲೂ ಅದೇ ನಂಬರು ಕಣ್ರೀ!”

ಮಯ್ಯರ ಕೈ ಎಲೆಯ ಮೇಲೆ ನಿಂತಿತು. “ಅದು ಹೇಗೆ?”

“ಅದು ಅಸಲಿ ನಂಬರಲ್ಲ. ಯಾವ ಲೆನ್ಸು ಯಾವುದಕ್ಕೆ, ಯಾವ ಡಬ್ಬಿ ಯಾವುದಕ್ಕೆ ಅಂತ ಅದಲುಬದಲಾಗದೇ ಇರ್ಲಿ ಅಂತ ಕಂಪೆನಿಯೋರು ಹಾಕೋ ಗುರುತು. ಬಡಗಿ ಬಾಗಿಲಿಗೂ ಚೌಕಟ್ಟಿಗೂ ಒಂದೇ ಗುರುತು ಹಾಕಲ್ವೇ, ಹಾಗೆ. ಪ್ರತಿ ಪೆಟ್ಟಿಗೆಗೂ ಅದೇ ಹತ್ತು ನಂಬರು. ಅಸಲಿ ನಂಬರು ಬುಡದಲ್ಲಿರತ್ತೆ, ಆ ಹಸಿರು ಬಟ್ಟೆ ಕೆಳಗೆ.”

ಮಯ್ಯರು ಅರ್ಧ ಊಟದಲ್ಲೇ ಎಲೆ ಬಿಟ್ಟು ಎದ್ದರು. ಹಳೆಯ ಕಂಪೆನಿಗಳ ಮೈಕ್ರೋಸ್ಕೋಪುಗಳಲ್ಲಿ ಅಸಲಿ ನಂಬರು ಕೈಯ ಮೇಲೇ ಇರುತ್ತಿತ್ತು. ಹೊಸ ಕಂಪೆನಿಯ ಮಾಲು ಬಂದಾಗಲೂ ಮಯ್ಯರು ಕೈಯನ್ನೇ ನೋಡಿದ್ದರು, ಬುಡ ನೋಡಿರಲಿಲ್ಲ.

“ಎಂತ ಆಯ್ತು? ಸಾರು ಸೇರ್ಲಿಲ್ವಾ?” ಎಂದು ಕುಸುಮಾವತಿ ಅಡುಗೆಮನೆಯಿಂದ ಬಂದರು. ಮಯ್ಯರು ಇದ್ದದ್ದು ಇದ್ದ ಹಾಗೆ ಹೇಳಿದರು. ಶ್ರೀಕಂಠರ ಮುಖ ಪೆಚ್ಚಾಯಿತು. ಕುಸುಮಾವತಿ ಸೌಟು ಹಿಡಿದೇ ನಿಂತು ಕೇಳಿದರು: “ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ಮಗಳಿಗೆ ದಿನಾ ಹೇಳ್ತೀರಿ. ನೀವು ಪ್ರಮಾಣಿಸಿದ್ದು ಎಂತ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ!”

ಬಾಯಿ ಮುಚ್ಚಿ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂವರು ಪ್ರೊಫೆಸರರ ರುಜು ಬಿದ್ದ ವರದಿ. ಅದೇ ತಿಂಗಳು ಸೂಪರಿಂಟೆಂಡೆಂಟ್ ಹುದ್ದೆಯ ಬಡ್ತಿಯ ಪಟ್ಟಿಯಲ್ಲಿ ಮಯ್ಯರ ಹೆಸರು ಎರಡನೆಯದು. “ಹೆದರಿಕೆ ಆಗ್ಲಿಲ್ಲ ಅಂತ ಹೇಳುದಿಲ್ಲ. ಬಡ್ತಿ ಯಾರಿಗೆ ಬೇಡ? ಆದ್ರೆ ಕಣ್ಣು ಮುಚ್ಚಿದ್ರೆ ಆ ಅರವತ್ತಾರರ ಹುಡುಗಿ ಬಂದು ಕೂತ್ಕೊಳ್ತಾಳೆ. ಆಗ ಒಬ್ಬಳು. ಈಗ ನಲವತ್ತನಾಲ್ಕು ಮಂದಿ ಸಾಲಾಗಿ ಕೂತ್ರೆ ನಾನು ಎಲ್ಲಿಗೆ ಹೋಗುದು?”

ಸೋಮವಾರ ಬೆಳಗ್ಗೆ ಐದರ ಬಸ್ಸಿಗೆ ಮಯ್ಯರು ತಂಬಾನೂರಿನ ಸ್ಟ್ಯಾಂಡಿನಲ್ಲಿದ್ದರು. ರಜೆಯ ಚೀಟಿಯನ್ನು ಹತ್ತು ಗಂಟೆಗೆ ಕಚೇರಿಗೆ ಒಯ್ದವರು ಕುಸುಮಾವತಿ. ವಿಭಾಗದ ಮೇಲಧಿಕಾರಿ ಕೃಷ್ಣಾನಂದ ಪೈ, ಸಹಾಯಕ ರಿಜಿಸ್ಟ್ರಾರ್, ಮಟ್ಟಾಂಚೇರಿಯ ಕೊಂಕಣಿಗರು, ಬಿರುಸು ಮಾತಿನವರು. ಸಿಂಡಿಕೇಟಿನ ವಾರ ರಜೆ ಯಾಕೆ ಎಂದು ಗುಡುಗಿದರು. ಹೊಟ್ಟೆನೋವು ಎಂದೋ ಜ್ವರ ಎಂದೋ ಹೇಳಬಹುದಿತ್ತು. ಕುಸುಮಾವತಿಗೆ ಸುಳ್ಳು ಹೊಳೆಯಲಿಲ್ಲ. “ಅವ್ರ ಎಣಿಕೆ ತಪ್ಪಿದ ಹಾಗೆ ಕಾಣ್ತದೆ. ನೋಡಿ ಬರ್ತೇನೆ ಅಂತ ಅಂಬಲಮುಗಳಿಗೆ ಹೋಗಿದ್ದಾರೆ” ಎಂದು ಬಿಟ್ಟರು. ಪೈಗಳು ಪೆನ್ನು ಕೆಳಗಿಟ್ಟು ಅವರನ್ನೇ ನೋಡುತ್ತ ಕೂತರಂತೆ.

ಆಲಪ್ಪುಳದ ದಾರಿಯಾಗಿ ಎರ್ನಾಕುಳಂ ತಲುಪಿ, ಬಸ್ಸು ಬದಲಿಸಿ, ಮಯ್ಯರು ಈ ಲ್ಯಾಬಿನ ಬಾಗಿಲಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ಪಾಠ ನಡೆಯುತ್ತಿತ್ತು. ಮೈಕ್ರೋಸ್ಕೋಪಿನ ಮುಂದೆ ಮಕ್ಕಳು ಕೂತಿದ್ದರು, ಕನ್ನಡಿಗಳೆಲ್ಲ ಬೆಳಕಿನ ಕಡೆಗಿದ್ದವು. ಮಯ್ಯರ ಎದೆ ಅಲ್ಲೇ ಅರ್ಧ ಹಗುರಾಯಿತು, ಅರ್ಧ ಭಾರವಾಯಿತು.

ದಾಕ್ಷಾಯಣಿ ಟೀಚರ್ ಎದ್ದು ಬಂದರು. “ಇನ್ನೇನು ಉಳಿದಿದೆ ಸಾರ್ ಎಣಿಸಲಿಕ್ಕೆ?”

“ಬುಡ” ಎಂದರು ಮಯ್ಯರು. “ಟೀಚರ್, ತಪ್ಪು ನನ್ನದೇ ಇರಬೇಕು. ಒಂದು ಬ್ಲೇಡು ಕೊಡಿ.”

ಅವತ್ತೂ ಇದೇ ಮೇಜಿನ ಮೇಲೆ ಇದೇ ಬೈರಾಸು ಹಾಸಿ ಮಯ್ಯರು ಮೊದಲ ಮೈಕ್ರೋಸ್ಕೋಪನ್ನು ಮಗುಚಿದರು. ಬಟ್ಟೆಯ ಮೂಲೆ ಎಬ್ಬಿಸಿದರೆ, ಇತ್ತು! ಇಷ್ಟು ಸಣ್ಣಕ್ಕೆ ಐದು ಅಂಕಿ: 20731. ಎರಡನೆಯದರಲ್ಲಿ ಬೇರೆ. ಮೂರನೆಯದರಲ್ಲಿ ಬೇರೆ. ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದರು. ಆದರೆ ಇಷ್ಟರಿಂದಲೇ ಎಲ್ಲ ಮುಗಿಯುವ ಹಾಗಿರಲಿಲ್ಲ. ಇವೇ ಆಲುವಾದಿಂದ ಬಂದ ಹತ್ತಾಗಿದ್ದರೆ? ಅಲ್ಲೂ ಹತ್ತಿದ್ದು, ಅವುಗಳ ಬುಡದ ನಂಬರು ಬೇರೆಯಿದ್ದರೆ ಮಾತ್ರ ಸಂಶಯ ತೀರುತ್ತದೆ. ಮಯ್ಯರು ಹಾಳೆ ಮಡಚಿ ಜೇಬಿಗಿಟ್ಟು ಹೊರಟರೆ ದಾಕ್ಷಾಯಣಿ ಟೀಚರ್ ಕೊಡೆ ಹಿಡಿದು ಹಿಂದೆಯೇ ಹೊರಟರು. “ನಾನೂ ಬರುತ್ತೇನೆ. ನಿಮ್ಮನ್ನೂ ನಂಬರುಗಳನ್ನೂ ಒಟ್ಟಿಗೆ ಬಿಡುವ ಧೈರ್ಯ ಇನ್ನು ನನಗಿಲ್ಲ” ಎಂದರು.

ಆಲುವಾದ ಕಾಲೇಜಿನ ಲ್ಯಾಬಿಗೆ ಬೀಗ ಬೀಳುವ ಹೊತ್ತಿಗೆ ಇಬ್ಬರೂ ಓಡೋಡಿ ಬಂದರು. ಅಟೆಂಡರನ ಕೈಕಾಲು ಹಿಡಿದು ಬಾಗಿಲು ತೆಗೆಸಿದರು. ಮಯ್ಯರು ಮಗುಚಿದರು, ದಾಕ್ಷಾಯಣಿ ಟೀಚರ್ ಬಗ್ಗಿ ಓದಿದರು. ಎರಡು, ಸೊನ್ನೆ, ಆರು, ಒಂಬತ್ತು, ನಾಲ್ಕು. ಬೇರೆ! ಎರಡನೆಯದು ಬೇರೆ. ಹತ್ತಕ್ಕೆ ಹತ್ತೂ ಬೇರೆ ಬೇರೆ. ಅಬ್ಬಾ! ಮಯ್ಯರಿಗೆ ಹೋದ ಜೀವ ಬಂದ ಹಾಗಾಯಿತು. ಟೀಚರ್ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡ ಮೇಲೆ ಧನ್ಯವಾದವನ್ನೇನೂ ಹೇಳಲಿಲ್ಲ, ಬೈದರು.

“ಆ ದಿನ ನಿಮ್ಮ ಹಾಳೆ ನನಗೆ ತೋರಿಸಿದ್ದರೆ, ಒಂದು ಮಾತು ಬರೆಯಲು ಬಿಟ್ಟಿದ್ದರೆ, ಅಲ್ಲೇ ಮುಗಿಯುತ್ತಿತ್ತಲ್ಲ ಸಾರ್! ನಮ್ಮ ಮೇಲೆ ಏನು ಆರೋಪ ಎಂದು ತಿಳಿಯಲು ನಾವು ತಿರುವನಂತಪುರದ ಕಾಗದಕ್ಕೆ ಕಾಯಬೇಕಿತ್ತೇ?”

ಮಯ್ಯರು ಇಪ್ಪತ್ತು ನಂಬರುಗಳ ಹಾಳೆಯನ್ನು ಅವರ ಮುಂದಿಟ್ಟು, “ಈಗ ಬರೆಯಿರಿ ಟೀಚರ್” ಎಂದರು. ಅವರು ಎರಡು ಸಾಲು ಬರೆದು ರುಜು ಹಾಕಿದರು.

ಮಂಗಳವಾರ ಮಧ್ಯಾಹ್ನ ಆ ಹಾಳೆ ಕೃಷ್ಣಾನಂದ ಪೈಗಳ ಮೇಜಿನ ಮೇಲಿತ್ತು. ಪೈಗಳು ಎರಡು ಸಲ ಓದಿದರು. “ಮಯ್ಯ, ಇದನ್ನು ನಾನು ಮೇಲೆ ಕಳಿಸಿದರೆ ಮೂವರು ಪ್ರೊಫೆಸರರಿಗೆ ಮುಖಭಂಗ. ನಿಮಗೆ ಮೆಮೊ ಗ್ಯಾರಂಟಿ. ಬಡ್ತಿಯ ಪಟ್ಟಿ ನೋಡಿದ್ದೀರಲ್ಲ?”

“ನೋಡಿದ್ದೇನೆ ಸಾರ್. ಮೆಮೊ ಬರಲಿ.”

ಪೈಗಳು ಪೆನ್ನಿನ ಮುಚ್ಚಳ ತೆಗೆದರು. “ನಿಮ್ಮ ಹೆಂಡತಿ ನಿನ್ನೆ ಬಂದು ಹೇಳಿದಾಗಲೇ ಅಂದುಕೊಂಡೆ, ಈ ಮನೆಯಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ, ನನ್ನ ಗತಿ ಇಷ್ಟೇ ಎಂದು” ಎಂದು ಗೊಣಗುತ್ತ ಟಿಪ್ಪಣಿ ಬರೆದರು. ಫೈಲನ್ನು ಪ್ಯೂನನ ಕೈಗೆ ಕೊಡದೆ ತಾವೇ ಹಿಡಿದು ಮಹಡಿ ಹತ್ತಿದರು.

ಬುಧವಾರ ಹನ್ನೊಂದರಿಂದ ಮಯ್ಯರು ಸಭೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಹನ್ನೆರಡಾಯಿತು, ಒಂದಾಯಿತು. ಒಂದೂವರೆಗೆ ಬಾಗಿಲು ತೆರೆದು ಪೈಗಳು ಹೊರಬಂದು, “ಮುಂದುವರಿಸಿದ್ದಾರೆ. ಹಾಲ್ ಟಿಕೆಟ್ ಇವತ್ತೇ ಹೋಗಲಿ” ಎಂದಷ್ಟೇ ಹೇಳಿ ನಡೆದರು. ಮಯ್ಯರು ನಲ್ಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು. ಅಂಬಲಮುಗಳಿಗೆ ತಂತಿ ಕೊಟ್ಟರು. ಆಮೇಲೆ ಕ್ಯಾಂಟೀನಿಗೆ ಹೋಗಿ, ಭಾನುವಾರ ಅರ್ಧಕ್ಕೆ ಬಿಟ್ಟ ಊಟವನ್ನು ಆ ದಿನ ಪೂರ್ತಿ ಮಾಡಿದರು. “ಮೂರು ಸಲ ಅನ್ನ ಹಾಕಿಸ್ಕೊಂಡೆ. ಬಡಿಸುವವ ನನ್ನ ಮುಖ ನೋಡಿದ. ನೋಡ್ಲಿ ಅಂತ ನಾಲ್ಕನೇ ಸಲವೂ ಕೇಳಿದೆ” ಎಂದು ಹೇಳುವಾಗ ಈಗಲೂ ಅವರ ಮುಖ ಅರಳುತ್ತದೆ.

ಮೆಮೊ ಬಂತು, ತಪ್ಪಲಿಲ್ಲ. ‘ಇನ್ನು ಮುಂದೆ ಜಾಗರೂಕತೆಯಿಂದ ಕೆಲಸ ಮಾಡತಕ್ಕದ್ದು.’ ಬಡ್ತಿ ಬೇರೆಯವರ ಪಾಲಾಯಿತು. ಮಯ್ಯರು ಆ ಮೆಮೊವನ್ನು ಹೊಸ ಡೈರಿಯ ಮೊದಲ ಪುಟಕ್ಕೆ ಅಂಟಿಸಿದ್ದಾರೆ. ಅದರ ಜೊತೆಗೆ ಅವರು ಮಾಡಿದ ಇನ್ನೊಂದು ಕೆಲಸವಿದೆ. ಎಣಿಕೆಯ ಹಾಳೆಯ ಕೆಳಗೆ ಒಂದು ಕಾಲಮ್ಮು ಸೇರಿಸಬೇಕೆಂದು ಪೈಗಳ ಮೂಲಕ ಅರ್ಜಿ ಕೊಟ್ಟರು: ‘ಕಾಲೇಜಿನವರ ಮಾತು’. ಎಣಿಸಿದವನು ಹಾಳೆಯನ್ನು ಅಲ್ಲೇ ಕಾಲೇಜಿನವರಿಗೆ ತೋರಿಸಬೇಕು. ಸರಿಯೋ ತಪ್ಪೋ ಅವರು ಬರೆದು ರುಜು ಹಾಕಿದ ಮೇಲೆಯೇ ಅದು ಕಮಿಷನ್‌ನ ಕೈಗೆ ಹೋಗಬೇಕು. ಎಂಟು ತಿಂಗಳು ಫೈಲು ಮೇಲೆ ಕೆಳಗೆ ಓಡಾಡಿ ಕೊನೆಗೆ ಮಂಜೂರಾಯಿತು. ಈಗ ಅಚ್ಚಾದ ಫಾರ್ಮಿನಲ್ಲೇ ಅದಿದೆ.

“ನಾವು ಎಲ್ಲರ ಲೆಕ್ಕ ಕೇಳ್ತೇವೆ. ನಮ್ಮ ಲೆಕ್ಕ ಕೇಳುವವರು ಯಾರಾದ್ರೂ ಬೇಕಲ್ವಾ?” ಎನ್ನುತ್ತಾರೆ ಮಯ್ಯರು. ಕಳ್ಳರೂ ಆ ಕಾಲಮ್ಮಿನಲ್ಲಿ ಸುಳ್ಳು ಬರೆಯಬಹುದಲ್ಲ ಎಂದರೆ ನಗುತ್ತಾರೆ. “ಬರೀಲಿ. ಬರ್ದು ರುಜು ಹಾಕಿದ ಸುಳ್ಳು ಹಿಡೀಲಿಕ್ಕೆ ಸುಲಭ.”

ಅಂಬಲಮುಗಳಿನ ಲ್ಯಾಬಿನಲ್ಲಿ ಈಗ ಒಂಬತ್ತೂ ಮುಕ್ಕಾಲು. ಹತ್ತು ಬುಡಗಳೂ ಮುಗಿದಿವೆ. ಎತ್ತಿದ ಬಟ್ಟೆಗಳಿಗೆಲ್ಲ ಮಯ್ಯರೇ ಅಂಟು ಹಚ್ಚಿ ಹೆಬ್ಬೆರಳಿನಿಂದ ಒತ್ತಿದ್ದಾರೆ. ಬರುವ ವರ್ಷ ನಿವೃತ್ತಿ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. “ನನ್ನ ನಂತರ ಬರುವವರು ಆ ಕಾಲಮ್ಮು ತೆಗೀದಿದ್ರೆ ಸಾಕು. ಮತ್ತೆ ಮೊಣಕಾಲು ನೋವು ಕಡ್ಮೆ ಆದ್ರೆ ಒಳ್ಳೇದು.”

ನಿರ್ಮಲ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಕಾಲಮ್ಮು ತುಂಬಲು ಕೂರುತ್ತಾಳೆ. ಎಪ್ಪತ್ತಮೂರರಲ್ಲಿ ಈ ಮೇಜಿನ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದ ನಲವತ್ತನಾಲ್ಕು ಮಂದಿಯಲ್ಲಿ ಅವಳೂ ಒಬ್ಬಳು. ವೈಟ್ಟಿಲದ ದೋಣಿಯವರ ಮಗಳು. ಆ ವರ್ಷ ನಲವತ್ತೊಂದು ಮಂದಿ ಪಾಸಾದರು. ಇವಳಿಗೆ ಮೊದಲ ದರ್ಜೆ ಬಂತು, ಹೋದ ವರ್ಷ ಇಲ್ಲೇ ಕೆಲಸವೂ ಸಿಕ್ಕಿತು. ಇಷ್ಟು ಹೊತ್ತು ಅವಳು ಮಯ್ಯರ ಬಳಿ ಆ ವಿಷಯ ಒಂದು ಮಾತೂ ಎತ್ತಿಲ್ಲ, ಮಯ್ಯರೂ ಎತ್ತಿಲ್ಲ. ಅವಳು ಮಲಯಾಳದಲ್ಲಿ ಬರೆದು ಹಾಳೆ ತಿರುಗಿಸಿ ಕೊಡುತ್ತಾಳೆ. ಮಗಳ ಪುಸ್ತಕದಲ್ಲಿ ಕಲಿತ ಅಕ್ಷರಗಳನ್ನು ಮಯ್ಯರು ಬೆರಳಿಟ್ಟು ಓದುತ್ತಾರೆ: ‘ಎಣಿಕೆ ಸರಿಯಿದೆ. ಬುಡ ಮಗುಚಿ ನೋಡಿದ್ದಾರೆ. ನಾನು ಪಕ್ಕದಲ್ಲೇ ನಿಂತಿದ್ದೆ, ಎರಡು ಸಲವೂ.’

ಮಯ್ಯರು ಕನ್ನಡಕ ತೆಗೆದು ಬೈರಾಸಿನಿಂದ ಒರೆಸುತ್ತಾರೆ. ಹೊರಗೆ ಕಮಿಷನ್‌ನ ಕಾರಿನ ಹಾರನ್ ಕೇಳಿಸುತ್ತದೆ, ಹಾರ ಹಿಡಿದವರು ಓಡುತ್ತಾರೆ. ಮಯ್ಯರು ಅವಸರವಿಲ್ಲದೆ ಪೆನ್ನು ತೆಗೆದು ಹಾಳೆಯ ಕೆಳಗೆ ರುಜು ಹಾಕುತ್ತಾರೆ. ‘ವಿ. ಮ.’ ಎಂಬ ಎರಡಕ್ಷರ ಈಗಿಲ್ಲ. ದುಂಡಗೆ, ಪೂರ್ತಿಯಾಗಿ, ‘ಕುಂಬಳೆ ವಿಠಲ ಮಯ್ಯ’, ಅದರ ಕೆಳಗೆ ಪೆಟ್ಟದ ಮನೆಯ ವಿಳಾಸ. ಫಾರ್ಮಿನಲ್ಲಿ ವಿಳಾಸ ಕೇಳಿಲ್ಲವಲ್ಲ ಎಂದರೆ ಪೆನ್ನಿನ ಮುಚ್ಚಳ ಹಾಕುತ್ತ ಹೇಳುತ್ತಾರೆ:

“ತಪ್ಪಿದ್ರೆ ಯಾರ ಮನೆಯ ಬಾಗಿಲು ತಟ್ಟುದು ಅಂತ ಇವ್ರಿಗೆ ಗೊತ್ತಿರ್ಬೇಕಲ್ಲ ಮಾರಾಯ್ರೆ.”